ಎಚ್ಚರಿಕೆಯ ವ್ಯಾಕರಣ: ಕಥೆಯ ತಿರುವನ್ನು ಬಯಲುಮಾಡುವ ಶಿಷ್ಟಾಚಾರದ ಭಾಷಿಕ ಚರಿತ್ರೆ

ಟೆಲಿವಿಷನ್ ಸರಣಿಯೊಂದರ ಮುಂದಿನ ತಿರುವನ್ನು ಇನ್ನೂ ನೋಡದವರ ಎದುರು ಹೇಳಬಾರದು ಎಂಬ ನಿಯಮ ಇಂದು ಇಂಗ್ಲಿಷ್ ಮಾತಿನ ಸಮಾಜಗಳಲ್ಲಿ ಬಹಳ ಸಹಜವೆಂಬಂತೆ ನೆಲೆಗೊಂಡಿದೆ. ಅದಕ್ಕೂ ಒಂದು ಚರಿತ್ರೆಯಿದೆ ಎಂಬುದೇ ಮರೆತುಹೋಗುವಷ್ಟು. ಈ ಕುರಿತ ಬರಹಗಳಲ್ಲಿ ಹೆಚ್ಚಿನವು ಮಾಧ್ಯಮ ಅಧ್ಯಯನ ಮತ್ತು ಮನೋವಿಜ್ಞಾನದ ಕಡೆಯಿಂದ ಬಂದಿವೆ. ಅಲ್ಲಿ ಕೇಳಲಾಗುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಅಂತ್ಯ ಮೊದಲೇ ತಿಳಿದರೆ ಕಥೆಯ ಸವಿ ಕುಂದುತ್ತದೆಯೇ? ಭಾಷಾವಿಜ್ಞಾನದ ದೃಷ್ಟಿಗೆ ಕಾಣುವ ಪ್ರಶ್ನೆ ಬೇರೆ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ, ಯಾವ ಬಗೆಯ ಮಾತಿನಿಂದ ಮತ್ತೊಬ್ಬರ ಅರಿವನ್ನು ಕಾಯುತ್ತಾರೆ ಎಂಬುದು ಇಲ್ಲಿಯ ವಿಚಾರ. ಈ ಶಿಷ್ಟಾಚಾರದ ತಿರುಳು ಮೌನವಲ್ಲ, ಮಾತಿಗೆ ದೊರೆಯುವ ಪರವಾನಗಿ ಎಂಬುದು ಪ್ರಸ್ತುತ ಲೇಖನದ ವಾದ. ಆ ಪರವಾನಗಿ ಸಾಧ್ಯವಾದದ್ದು ಒಂದು ಕರ್ತೃನಾಮವು ಮನುಷ್ಯನನ್ನು ಬಿಟ್ಟು ಮಾತಿಗೆ ಅಂಟಿಕೊಂಡಾಗ.

ಪದಕ್ಕೆ ಮುಂಚಿನ ಬಿನ್ನಹ

‘ಸ್ಪಾಯ್ಲರ್’ ಎಂಬ ಪದ ಈ ಅರ್ಥದಲ್ಲಿ ಬಳಕೆಗೆ ಬರುವ ಮೊದಲೇ ಗುಟ್ಟು ಕಾಯುವ ಕೋರಿಕೆ ಇತ್ತು. 1926ರ ‘ದಿ ಬ್ಯಾಟ್’ ಎಂಬ ಅಮೆರಿಕದ ಮೂಕಿಚಿತ್ರವು ತನ್ನ ಅಪರಾಧಿ ಯಾರೆಂಬುದನ್ನು ಹೊರಗೆ ಹೇಳಬೇಡಿರೆಂದು ಪ್ರೇಕ್ಷಕರನ್ನು ತೆರೆಯ ಮೇಲಿನ ಬರಹದಲ್ಲೇ ಕೇಳಿಕೊಂಡಿತ್ತು. ಲಂಡನ್ನಿನಲ್ಲಿ 1952ರ ನವೆಂಬರ್ 25ರಂದು ಆರಂಭವಾದ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ನಾಟಕದಲ್ಲಿ ಪ್ರದರ್ಶನ ಮುಗಿದ ಮೇಲೆ ನಟನೊಬ್ಬ ಮುಂದೆ ಬಂದು, ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ ಎಂದು ಕೇಳುವ ವಾಡಿಕೆ ನಡೆದುಕೊಂಡು ಬಂದಿದೆ. 1955ರ ಫ್ರೆಂಚ್ ಚಿತ್ರ ‘ಲೇ ದಿಯಾಬೊಲಿಕ್’ ಕೊನೆಯ ಫಲಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮುಂದೆ ಚಿತ್ರವನ್ನು ನೋಡಲಿರುವ ಸ್ನೇಹಿತರ ಪರವಾಗಿ ತಾನೇ ಧನ್ಯವಾದ ಹೇಳುತ್ತದೆ. 1957ರ ‘ವಿಟ್ನೆಸ್ ಫಾರ್ ದ ಪ್ರಾಸಿಕ್ಯೂಷನ್’ ಚಿತ್ರದ ಕೊನೆಯಲ್ಲಿಯೂ ಇಂಥದೇ ಕೋರಿಕೆಯ ಧ್ವನಿ ಕೇಳಿಬರುತ್ತದೆ.

1960ರಲ್ಲಿ ಹಿಚ್‌ಕಾಕ್ ‘ಸೈಕೋ’ ಚಿತ್ರಕ್ಕೆ ಮಾಡಿದ ಏರ್ಪಾಡು ಹೆಚ್ಚು ಪ್ರಸಿದ್ಧ. ಚಿತ್ರ ಆರಂಭವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಚಿತ್ರಮಂದಿರಗಳಿಗೆ ಕಟ್ಟುನಿಟ್ಟು ಮಾಡಲಾಯಿತು. ಇದು ವಿಶೇಷವೆನಿಸಲು ಕಾರಣ, ಅಮೆರಿಕದ ಪ್ರೇಕ್ಷಕರಿಗೆ ಅಲ್ಲಿಯವರೆಗೆ ನಡುವೆ ಬಂದು ಕುಳಿತು, ಮುಂದಿನ ಪ್ರದರ್ಶನದಲ್ಲಿ ತಾವು ಬಂದ ಜಾಗದವರೆಗೆ ನೋಡಿ ಎದ್ದುಹೋಗುವ ರೂಢಿಯಿತ್ತು. ಕಥೆಗೆ ಒಂದು ಆದಿ, ಒಂದು ಅಂತ್ಯ, ಅವುಗಳ ನಡುವೆ ಕಡ್ಡಾಯವಾದ ಒಂದು ದಿಕ್ಕು ಇದೆ ಎಂಬುದನ್ನೇ ಬಾಗಿಲು ಮುಚ್ಚಿ ಕಲಿಸಬೇಕಾಗಿತ್ತು.

ಈ ಕೋರಿಕೆಗಳ ವಾಕ್‌ಕ್ರಿಯಾ ಸ್ವರೂಪವನ್ನು ಗಮನಿಸಬೇಕು. ಇಲ್ಲಿ ಮಾತನಾಡುವವನು ಕೃತಿಯನ್ನು ತಯಾರಿಸಿದವನು. ಕೇಳುವವನು ಆಗಲೇ ಎಲ್ಲವನ್ನೂ ತಿಳಿದವನು. ಕೋರಿಕೆಯ ಫಲ ಸಲ್ಲುವುದು ಅಲ್ಲಿ ಇಲ್ಲದ ಮೂರನೆಯವನಿಗೆ, ಪರೋಕ್ಷವಾಗಿ ಟಿಕೆಟ್ ಮಾರುವವನಿಗೆ. ‘ದಿ ಬ್ಯಾಟ್’ ಒಂದನ್ನು ಬಿಟ್ಟರೆ ಇವೆಲ್ಲ ಕೃತಿ ಮುಗಿದ ಮೇಲೆ ಬರುವ ಮಾತುಗಳು. ಕೇಳುವುದು ಮೌನವನ್ನು ಮಾತ್ರ. ಇಂದು ನಾವು ಬಳಸುವ ಎಚ್ಚರಿಕೆಯಲ್ಲಿ ಈ ಮೂರೂ ಸ್ಥಾನಗಳು ಬದಲಾಗಿವೆ. ಮಾತನಾಡುವವನು ಸಹಪ್ರೇಕ್ಷಕ, ಕೇಳುವವನು ತಿಳಿಯದವನು, ಎಚ್ಚರಿಕೆ ಬರುವುದು ಮಾತಿಗೆ ಮೊದಲು. ಎಚ್ಚರಿಸಿದವನು ಸುಮ್ಮನಾಗುವುದೂ ಇಲ್ಲ, ಮುಂದುವರಿಸುತ್ತಾನೆ.

ಸುಲಿದವನಿಂದ ಸುಲಿದ ಮಾತಿಗೆ

ಲ್ಯಾಟಿನ್ನಿನ ‘ಸ್ಪೋಲಿಯಂ’ ಎಂದರೆ ಪ್ರಾಣಿಯಿಂದ ಸುಲಿದ ಚರ್ಮ, ಆಮೇಲೆ ಶತ್ರುವಿನ ಮೈಯಿಂದ ಕಳಚಿಕೊಂಡ ಕವಚ. ಅದರಿಂದ ಬಂದ ಕ್ರಿಯಾಪದ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಇಳಿದು ‘ಕೊಳ್ಳೆ ಹೊಡೆ’ ಎಂಬ ಅರ್ಥದಲ್ಲಿ ನಿಂತಿತು, ‘ಹಾಳುಮಾಡು’ ಎಂಬುದು ಅದರ ಮುಂದಿನ ಹಂತ. ಕನ್ನಡದಲ್ಲಿಯೂ ‘ಸುಲಿ’ ಎಂಬ ಧಾತುವಿಗೆ ಸಿಪ್ಪೆ ತೆಗೆ, ಚರ್ಮ ತೆಗೆ ಎಂಬ ಅರ್ಥವಿದ್ದು, ಅದರಿಂದಲೇ ‘ಸುಲಿಗೆ’ ಎಂಬ ನಾಮಪದ ಕೊಳ್ಳೆಯ ಅರ್ಥದಲ್ಲಿ ಹುಟ್ಟಿದೆ. ಸಂಬಂಧವಿಲ್ಲದ ಎರಡು ಭಾಷಾಕುಲಗಳು ಒಂದೇ ದಾರಿ ಹಿಡಿದಿರುವುದಕ್ಕೆ ಇದು ತರಗತಿಯಲ್ಲಿ ಬಳಸಲು ಒಳ್ಳೆಯ ಉದಾಹರಣೆ. 1611ರ ಇಂಗ್ಲಿಷ್ ಬೈಬಲ್ ಅನುವಾದದ ನ್ಯಾಯಸ್ಥಾಪಕರ ಭಾಗದಲ್ಲಿ ‘ಸ್ಪಾಯ್ಲರ್‌’ಗಳು ಬರುತ್ತಾರೆ. ಅವರು ಸುಲಿಗೆಕೋರರು, ಕೈಯಲ್ಲಿ ಆಯುಧ ಹಿಡಿದ ಮನುಷ್ಯರು. ಇಪ್ಪತ್ತನೆಯ ಶತಮಾನದ ಅಮೆರಿಕದ ಚುನಾವಣಾ ಮಾತಿನಲ್ಲಿ, ತಾನು ಗೆಲ್ಲಲಾರದೆ ಇನ್ನೊಬ್ಬನ ಗೆಲುವನ್ನು ಕೆಡಿಸುವ ಅಭ್ಯರ್ಥಿಗೂ ಇದೇ ಹೆಸರು. ಅಲ್ಲಿಯೂ ಆತ ಮನುಷ್ಯನೇ.

1971ರ ಏಪ್ರಿಲ್ ತಿಂಗಳ ‘ನ್ಯಾಷನಲ್ ಲ್ಯಾಂಪೂನ್’ ಎಂಬ ಹಾಸ್ಯಪತ್ರಿಕೆಯಲ್ಲಿ ಡಗ್ ಕೆನ್ನಿ ಬರೆದ ‘ಸ್ಪಾಯ್ಲರ್ಸ್’ ಎಂಬ ಬರಹದಲ್ಲಿ ಈ ಪದದ ಗುರಿ ಬದಲಾಯಿತು. ಹೆಸರಾಂತ ಚಿತ್ರಗಳ, ಕಾದಂಬರಿಗಳ ಅಂತ್ಯಗಳನ್ನು ಅದು ಸಾಲುಸಾಲಾಗಿ ಬಯಲುಮಾಡುತ್ತದೆ, ಓದುಗರ ಹಣ ಮತ್ತು ಸಮಯ ಉಳಿಸುವ ಉಪಕಾರವೆಂಬ ಹುಸಿಗಾಂಭೀರ್ಯದಲ್ಲಿ. ಈಗ ‘ಸ್ಪಾಯ್ಲರ್’ ಎಂಬುದು ಕೆನ್ನಿಯಲ್ಲ, ಆತ ಬರೆದ ಸಾಲು. ಕರ್ತೃವಾಚಕ ಪ್ರತ್ಯಯವು ಕರ್ತೃವಿನಿಂದ ಕರಣಕ್ಕೆ ಸರಿದಿದೆ. ಇಂಗ್ಲಿಷಿನಲ್ಲಿ ಇದು ಅಪರೂಪವೇನೂ ಅಲ್ಲ: ‘ಓಪನರ್’ ಎಂಬುದು ತೆರೆಯುವ ಆಟಗಾರನೂ ಹೌದು, ಸೀಸೆಯ ಮುಚ್ಚಳ ತೆಗೆಯುವ ಸಾಧನವೂ ಹೌದು. ಆದರೆ ಇಲ್ಲಿ ಅದರ ಪರಿಣಾಮ ದೊಡ್ಡದು. ‘ನಾನು ಸ್ಪಾಯ್ಲರ್’ ಎಂದು ಯಾರೂ ತಮ್ಮನ್ನು ಪರಿಚಯಿಸಿಕೊಳ್ಳಲಾರರು, ಅದು ತಪ್ಪೊಪ್ಪಿಗೆಯಾಗುತ್ತದೆ. ‘ಇದರಲ್ಲಿ ಸ್ಪಾಯ್ಲರ್ ಇದೆ’ ಎಂದು ಯಾರು ಬೇಕಾದರೂ ಹೇಳಬಹುದು. ಕೆಡುಕಿನ ಹೊಣೆ ಮಾತಿನೊಳಗಿನ ಒಂದು ವಸ್ತುವಿಗೆ ವರ್ಗವಾದ್ದರಿಂದ, ಮಾತನಾಡುವವನು ಆ ವಸ್ತುವಿನ ಇರವನ್ನು ತಿಳಿಸುವ ಸಭ್ಯ ವ್ಯಕ್ತಿಯಾಗಿ ಉಳಿಯುತ್ತಾನೆ.

‘ಸ್ಪಾಯ್ಲರ್ ಅಲರ್ಟ್’ ಎಂಬ ಜೋಡಿಪದದ ದೊರೆತಿರುವ ಹಳೆಯ ಬಳಕೆಗಳಲ್ಲೊಂದು 1982ರ ಜೂನ್ ತಿಂಗಳಿನದು, ಯೂಸ್‌ನೆಟ್ ಎಂಬ ಗಣಕಜಾಲದ್ದು. ಆ ತಿಂಗಳ 4ರಂದು ಬಿಡುಗಡೆಯಾಗಿದ್ದ ‘ಸ್ಟಾರ್ ಟ್ರೆಕ್’ ಸರಣಿಯ ಎರಡನೆಯ ಚಿತ್ರದಲ್ಲಿ ಸ್ಪಾಕ್ ಎಂಬ ಪಾತ್ರದ ಸಾವು ಅಲ್ಲಿಯ ವಿಷಯ. ಆ ಪಾತ್ರ 1966ರಿಂದ ಟೆಲಿವಿಷನ್ನಿನಲ್ಲಿ ಬೆಳೆದದ್ದು ಎಂಬುದನ್ನು ಇಲ್ಲಿ ನೆನೆಯಬೇಕು. ಒಂದು ಚಿತ್ರದ ಎರಡು ಗಂಟೆಗಳಲ್ಲಿ ಪರಿಚಯವಾಗುವ ಪಾತ್ರದ ಸಾವಿಗೂ ಮನೆಗೆ ಬಂದುಹೋಗುತ್ತಿದ್ದ ಪಾತ್ರದ ಸಾವಿಗೂ ವ್ಯತ್ಯಾಸವಿದೆ. ಈ ಸಾವಿನ ಸುದ್ದಿ ಚಿತ್ರ ತಯಾರಾಗುತ್ತಿದ್ದಾಗಲೇ ಸೋರಿಹೋಗಿತ್ತು. ಹಾಗಾಗಿ ಚಿತ್ರದ ಆರಂಭದಲ್ಲೇ ತರಬೇತಿಯ ಅಣಕು ಕಾರ್ಯಾಚರಣೆಯಲ್ಲಿ ಸ್ಪಾಕ್ ಸತ್ತಂತೆ ತೋರಿಸಿ, ಸುದ್ದಿ ಕೇಳಿ ಬಂದವರು ‘ಓಹೋ, ಇದೇ ಇರಬೇಕು’ ಎಂದು ನಿರಾಳವಾಗುವಂತೆ ಮಾಡಲಾಯಿತು. ಸೋರಿದ ಮಾತಿಗೆ ಕಥೆಯೊಳಗಿಂದಲೇ ಕೊಟ್ಟ ಉತ್ತರವಿದು.

ಎಚ್ಚರಿಕೆಯೋ ಬೆದರಿಕೆಯೋ

ಸರ್ಲ್ 1969ರಲ್ಲಿ ಕೊಟ್ಟ ವಿವರಣೆಯ ಪ್ರಕಾರ, ಕೇಳುಗನ ಹಿತಕ್ಕೆ ಒಗ್ಗದ ಘಟನೆಯೊಂದು ನಡೆಯಬಹುದೆಂದು ತಿಳಿಸುವುದು ಎಚ್ಚರಿಕೆ. ‘ಸ್ಪಾಯ್ಲರ್ ಅಲರ್ಟ್’ ಈ ಲಕ್ಷಣಕ್ಕೆ ಹೊಂದುವಂತೆ ಕಾಣುತ್ತದೆ. ಆದರೆ ಒಂದು ತೊಡಕಿದೆ: ಬರಲಿರುವ ಅಪಾಯ ಎಚ್ಚರಿಸುವವನ ಮುಂದಿನ ವಾಕ್ಯವೇ. ‘ಅಲ್ಲಿ ಹಳ್ಳವಿದೆ, ಜೋಪಾನ’ ಎನ್ನುವವನು ಹಳ್ಳ ತೋಡುತ್ತಿರುವವನಲ್ಲ. ಇಲ್ಲಿಯಾದರೋ ತೋಡುವವನೂ ಅವನೇ, ಕೂಗುವವನೂ ಅವನೇ. ಕೇಳುಗನಿಗೆ ಅಹಿತವಾದುದನ್ನು ತಾನೇ ಮಾಡುವೆನೆಂದು ಹೇಳುವುದು ರೂಪದ ದೃಷ್ಟಿಯಿಂದ ಬೆದರಿಕೆ. ಅದು ಬೆದರಿಕೆಯಾಗಿ ಕೇಳಿಸದಿರುವುದಕ್ಕೆ ಮೇಲೆ ಹೇಳಿದ ಕರ್ತೃನಾಮದ ಸರಿತವೇ ಕಾರಣವೆಂದು ನನ್ನ ಎಣಿಕೆ. ‘ನಾನು ಈಗ ಕೆಡಿಸುತ್ತೇನೆ’ ಎಂಬ ವಾಕ್ಯದಿಂದ ‘ನಾನು’ ಕಳಚಿಹೋಗಿ, ‘ಮುಂದೆ ಕೆಡಿಸುವಂಥದ್ದು ಇದೆ’ ಎಂಬುದಷ್ಟೇ ಉಳಿದಿದೆ.

ಇನ್ನೊಂದು ಪರಿಣಾಮವೂ ಇದೆ. ಎಚ್ಚರಿಸಿದ ಮೇಲೆ ಓದಿದವನು ತಾನಾಗಿ ಓದಿದವನು. ಯೂಸ್‌ನೆಟ್ಟಿನಲ್ಲಿ ಪ್ರತಿ ಅಕ್ಷರವನ್ನೂ ಹದಿಮೂರು ಸ್ಥಾನ ಸರಿಸಿ ಬರೆಯುವ ಪದ್ಧತಿಯಿತ್ತು. ಓದಬೇಕಾದವನು ತಾನೇ ಅದನ್ನು ಬಿಡಿಸಿಕೊಳ್ಳಬೇಕು. ಸಂಕೇತ ತೀರ ಸುಲಭದ್ದು, ಮುಚ್ಚಿಡುವುದು ಅದರ ಉದ್ದೇಶವೇ ಅಲ್ಲ. ಬಿಡಿಸುವ ಕ್ರಿಯೆಯನ್ನು ಓದುಗನಿಂದ ಮಾಡಿಸುವುದು, ಆ ಮೂಲಕ ಹೊಣೆಯನ್ನು ಅವನ ಕೈಗಿಡುವುದು ಉದ್ದೇಶ.

ಏಕಕಾಲದ ಒಡಕು

ಟೆಲಿವಿಷನ್ನಿಗೆ ಈ ಶಿಷ್ಟಾಚಾರ ತಡವಾಗಿ ಬಂದದ್ದೇಕೆ ಎಂಬುದಕ್ಕೆ ಉತ್ತರ ಸರಳ. ಎಲ್ಲರೂ ಒಂದೇ ಹೊತ್ತಿನಲ್ಲಿ ನೋಡುವಾಗ ಮೊದಲು ತಿಳಿದವನು ಎಂಬ ವ್ಯಕ್ತಿಯೇ ಇರುವುದಿಲ್ಲ. ಅಮೆರಿಕದ ‘ಡಲ್ಲಾಸ್’ ಸರಣಿಯಲ್ಲಿ 1980ರ ಮಾರ್ಚ್ 21ರಂದು ಜೆ. ಆರ್. ಎಂಬ ಪಾತ್ರದ ಮೇಲೆ ಗುಂಡು ಹಾರಿತು. ಹಾರಿಸಿದವರು ಯಾರೆಂಬುದು ತಿಳಿದದ್ದು ನವೆಂಬರ್ 21ರಂದು, ಆ ವರ್ಷದ ನಟರ ಮುಷ್ಕರದಿಂದಾಗಿ ಎಣಿಸಿದ್ದಕ್ಕಿಂತ ತಡವಾಗಿ. ಅಮೆರಿಕದಲ್ಲಿ ಎಂಟು ಕೋಟಿಗೂ ಹೆಚ್ಚು ಜನ ಅದನ್ನು ನೋಡಿದರೆಂಬ ಅಂದಾಜಿದೆ. ನಡುವಿನ ಎಂಟು ತಿಂಗಳು ದೇಶವೆಲ್ಲ ಊಹಿಸಿತು, ಪಣ ಕಟ್ಟಿತು. ಆದರೆ ಪ್ರೇಕ್ಷಕನು ಪ್ರೇಕ್ಷಕನಿಗೆ ಎಚ್ಚರಿಕೆ ಕೊಡಬೇಕಾಗಿರಲಿಲ್ಲ, ಎಲ್ಲರ ಅಜ್ಞಾನವೂ ಸರಿಸಮವಾಗಿತ್ತು. ಹೆದರಬೇಕಾಗಿದ್ದದ್ದು ಚಿತ್ರೀಕರಣದ ತಂಡದೊಳಗಿನ ಸೋರಿಕೆಗೆ ಮಾತ್ರ. ಅದಕ್ಕಾಗಿ ಬೇರೆಬೇರೆ ಪಾತ್ರಗಳು ಗುಂಡು ಹಾರಿಸುವ ದೃಶ್ಯಗಳನ್ನು ತೆಗೆದಿಡಲಾಯಿತು.

ಈ ಏಕಕಾಲತೆಯಲ್ಲಿ ಮೊದಲಿನಿಂದಲೂ ಒಂದು ಬಿರುಕಿತ್ತು ಎಂಬುದು ನಿಜ. ಅಮೆರಿಕದ ಪೂರ್ವ ಮತ್ತು ಪಶ್ಚಿಮ ಕರಾವಳಿಗಳ ನಡುವೆ ಮೂರು ಗಂಟೆಗಳ ಅಂತರವಿದೆ. 1956ರ ನವೆಂಬರ್ 30ರಂದು ಸಿಬಿಎಸ್ ಜಾಲ ವಿಡಿಯೊ ಟೇಪನ್ನು ಪ್ರಸಾರದಲ್ಲಿ ಮೊದಲು ಬಳಸಿದ್ದೇ ಸಂಜೆಯ ವಾರ್ತೆಯನ್ನು ಪಶ್ಚಿಮ ಕರಾವಳಿಗೆ ತಡಮಾಡಿ ತಲುಪಿಸಲು. ಕಾಲವನ್ನು ಸರಿಸುವುದು ಆ ಯಂತ್ರದ ಹುಟ್ಟುಗುಣ. 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್ ಮಾರುಕಟ್ಟೆಗೆ ಬಂದು, 1984ರ ಜನವರಿ 17ರಂದು ಅಮೆರಿಕದ ಸುಪ್ರೀಂ ಕೋರ್ಟ್ ಮನೆಯಲ್ಲಿ ಧ್ವನಿಚಿತ್ರಿಸಿಟ್ಟುಕೊಂಡು ಆಮೇಲೆ ನೋಡುವುದನ್ನು ಐದಕ್ಕೆ ನಾಲ್ಕು ಮತಗಳಿಂದ ಎತ್ತಿಹಿಡಿದ ಮೇಲೆ, ಆ ಗುಣ ಪ್ರತಿಯೊಬ್ಬ ಪ್ರೇಕ್ಷಕನ ಕೈಗೆ ಬಂತು.

ಆದರೆ ತಡವಾಗಿ ನೋಡುವವನ ಸಂಕಟವನ್ನು ಮೊದಲು ಕಂಡದ್ದು ಕಥೆಗಳಲ್ಲಿ ಅಲ್ಲ, ಕ್ರೀಡೆಯಲ್ಲಿ. ಹೆಚ್ಚು ಸ್ಪಷ್ಟವಾಗಿ ಕಂಡದ್ದು ಬ್ರಿಟನ್ನಿನಲ್ಲಿ. ಅಲ್ಲಿ ಫುಟ್‌ಬಾಲ್ ಪಂದ್ಯ ಹಗಲು ನಡೆದು, ಅದರ ಆಯ್ದ ಭಾಗಗಳು ರಾತ್ರಿ ಬಿತ್ತರವಾಗುತ್ತಿದ್ದವು. 1973ರಲ್ಲಿ ಬಿಬಿಸಿ ಬಿತ್ತರಿಸಿದ ‘ವಾಟೆವರ್ ಹ್ಯಾಪನ್ಡ್ ಟು ದ ಲೈಕ್ಲಿ ಲ್ಯಾಡ್ಸ್?’ ಎಂಬ ಹಾಸ್ಯ ಸರಣಿಯ ಒಂದು ಕಂತು ಪೂರ್ತಿಯಾಗಿ ಇದರ ಮೇಲೆಯೇ ನಿಂತಿದೆ. ಬಾಬ್ ಮತ್ತು ಟೆರಿ ಎಂಬ ಗೆಳೆಯರು ಇಂಗ್ಲೆಂಡ್ ತಂಡದ ಪಂದ್ಯದ ಫಲಿತಾಂಶ ಕಿವಿಗೆ ಬೀಳದಂತೆ ರಾತ್ರಿಯವರೆಗೆ ಊರೆಲ್ಲ ತಲೆತಪ್ಪಿಸಿಕೊಂಡು ತಿರುಗುತ್ತಾರೆ. ಅವರು ತಪ್ಪಿಸಿಕೊಳ್ಳಲಾರರೆಂದು ಪಣ ಕಟ್ಟಿದವನೊಬ್ಬ ಬೆನ್ನಟ್ಟುತ್ತಾನೆ. ಪತ್ರಿಕೆಯ ತಲೆಬರಹದಲ್ಲಿ ‘ಇಂಗ್ಲೆಂಡ್’ ಎಂಬ ಪದವೂ ಮುಂದಿನ ಪದದ ‘ಎಫ್’ ಎಂಬ ಮೊದಲ ಅಕ್ಷರವೂ ಕಣ್ಣಿಗೆ ಬೀಳುತ್ತವೆ. ಅಷ್ಟರಿಂದಲೇ ಊಹೆಯ ಸರಪಳಿ ಬೆಳೆಯುತ್ತದೆ. ಸೂಚ್ಯಾರ್ಥವನ್ನು ಕಲಿಸುವವರು ಈ ಕಂತನ್ನು ಒಮ್ಮೆ ನೋಡಬೇಕು. ಅದರ ಕೊನೆಯನ್ನು ಇಲ್ಲಿ ಬರೆಯುವುದಿಲ್ಲ. ಅರ್ಧ ಶತಮಾನ ಕಳೆದ ಮೇಲೂ ಬರೆಯಬಾರದೇ ಎಂಬ ಪ್ರಶ್ನೆಗೆ ಉತ್ತರವಿದ್ದಿದ್ದರೆ ಈ ಶಿಷ್ಟಾಚಾರಕ್ಕೆ ಒಂದು ಕಾಲಮಿತಿಯೂ ಇರುತ್ತಿತ್ತು. ಅಂಥ ಕಾಲಮಿತಿಯ ಪಟ್ಟಿಗಳು ಪತ್ರಿಕೆಗಳಲ್ಲಿ ಬಂದಿವೆ, ಒಂದೂ ನೆಲೆಗೊಂಡಿಲ್ಲ.

ಬಿಬಿಸಿಯ ವಾರ್ತಾವಾಚಕರು ಇದೇ ಸಂಕಟಕ್ಕೆ ಒಂದು ಸೂತ್ರವಾಕ್ಯವನ್ನು ರೂಢಿಸಿದರು: ಫಲಿತಾಂಶ ಬೇಡವಾದರೆ ಈಗ ಕಣ್ಣು ಬೇರೆಡೆ ತಿರುಗಿಸಿ ಎಂಬುದು ಅದರ ಭಾವ. ಆ ಮಾತಿನ ಬಳಿಕ ಅಂಕಿಗಳು ತೆರೆಯ ಮೇಲೆ ಮೌನವಾಗಿ ಮೂಡಿ ಮರೆಯಾಗುತ್ತವೆ. ವಾಕ್ಯರಚನೆ ಷರತ್ತಿನದು, ವಿಧ್ಯರ್ಥದ ಕ್ರಿಯೆ ಕೇಳುಗನ ಕಣ್ಣಿನದು. ಎರಡು ಬಗೆಯ ಕೇಳುಗರು ಒಂದೇ ಕೋಣೆಯಲ್ಲಿ ಕುಳಿತಿರಬಹುದೆಂದು ಒಪ್ಪಿಕೊಂಡು, ಕಿವಿಯನ್ನು ಬಿಟ್ಟು ಕಣ್ಣಿಗೆ ಮಾತ್ರ ಸುದ್ದಿ ಕೊಡುವ ಉಪಾಯವಿದು. ಕಿವಿಗೆ ರೆಪ್ಪೆಯಿಲ್ಲವೆಂಬುದನ್ನು ಸುದ್ದಿಮನೆಯವರು ಸರಿಯಾಗಿಯೇ ತಿಳಿದಿದ್ದರು. ಈ ಶಿಷ್ಟಾಚಾರದ ಚರಿತ್ರೆಯಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಪರಿಹಾರವನ್ನು ನಾನು ಕಂಡಿಲ್ಲ.

2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ ಸರಣಿಯ ಹದಿಮೂರು ಕಂತುಗಳನ್ನೂ ಒಂದೇ ದಿನ ಬಿಡುಗಡೆ ಮಾಡಿದಾಗ, ಉಳಿದಿದ್ದ ಏಕಕಾಲತೆಯೂ ಹೋಯಿತು. ಮರುವರ್ಷ ಎರಡನೆಯ ಭಾಗ ಬರುವ ಹಿಂದಿನ ದಿನ ಅಧ್ಯಕ್ಷ ಒಬಾಮ ತಮ್ಮ ಟ್ವಿಟರ್ ಖಾತೆಯ ಮೂಲಕ, ದಯವಿಟ್ಟು ಸ್ಪಾಯ್ಲರ್ ಬೇಡವೆಂದು ಲೋಕವನ್ನು ಕೇಳಿಕೊಂಡರು. ಕೇಳುಗನೇ ಮುಂದಾಗಿ ತನ್ನ ಅಜ್ಞಾನವನ್ನು ಸಾರುವ ಈ ಮಾತು, ಎಚ್ಚರಿಕೆಯ ಮೂರನೆಯ ರೂಪ.

ತಿಳಿದವರಿಗೆ ಹೇಳು, ತಿಳಿಯದವರಿಗೆ ಹೇಳಬೇಡ

ಸಂಭಾಷಣಾ ವಿಶ್ಲೇಷಣೆಗೆ ಇಲ್ಲಿ ಒಂದು ಸ್ವಾರಸ್ಯದ ಸಮಸ್ಯೆಯಿದೆ. ಕೇಳುಗನಿಗೆ ಆಗಲೇ ಗೊತ್ತಿರುವುದನ್ನು ಹೇಳಬಾರದು ಎಂಬುದು ಹಾರ್ವೆ ಸ್ಯಾಕ್ಸ್ ಗುರುತಿಸಿದ ಮೂಲ ನಿಯಮಗಳಲ್ಲೊಂದು. ಕಥೆ ಹೇಳುವ ಮುನ್ನ ನಾವು ‘ವಿಷಯ ಗೊತ್ತಾಯ್ತಾ?’ ಎಂದು ಕೇಳುವುದು ಅದಕ್ಕಾಗಿ. ‘ಹೌದು’ ಎಂಬ ಉತ್ತರ ಬಂದರೆ ಕಥೆ ಅಲ್ಲಿಗೆ ನಿಲ್ಲುತ್ತದೆ. ಸರಣಿಗಳ ಮಾತಿನಲ್ಲಿ ಇದು ತಲೆಕೆಳಗಾಗಿದೆ. ‘ಎಷ್ಟನೇ ಎಪಿಸೋಡ್‌ವರೆಗೆ ನೋಡಿದ್ದೀಯ?’ ಎಂಬ ಪೂರ್ವಪ್ರಶ್ನೆಗೆ ‘ಎಲ್ಲ ಮುಗಿಸಿದೆ’ ಎಂಬ ಉತ್ತರ ಬಂದರೆ ಮಾತು ಆರಂಭ. ‘ಇನ್ನೂ ಮೂರನೆಯದರಲ್ಲಿದ್ದೇನೆ’ ಎಂದರೆ ಮಾತು ನಿಲ್ಲಬೇಕು. ಹೊಸ ಸುದ್ದಿ ತಿಳಿಸುವುದು ಮಾತಿನ ಕೆಲಸವೆಂಬ ನಂಬಿಕೆಯನ್ನೇ ಬದಿಗಿಟ್ಟು, ಇಬ್ಬರಿಗೂ ತಿಳಿದಿರುವುದನ್ನು ಮಾತ್ರ ಆಡಿಕೊಳ್ಳುವ ಸಂಭಾಷಣೆಯಿದು.

ನಿಂತ ಮಾತೂ ಸೋರುತ್ತದೆ. ‘ಓ, ಇನ್ನೂ ಅಲ್ಲಿಗೆ ಬಂದಿಲ್ವಾ!’ ಎಂಬ ಉದ್ಗಾರ ಮುಂದೆ ಏನೋ ಕಾದಿದೆಯೆಂದು ತಿಳಿಸಿಬಿಡುತ್ತದೆ. ‘ಅವನನ್ನ ತುಂಬಾ ಹಚ್ಚಿಕೊಳ್ಳಬೇಡ’ ಎಂಬ ಗೆಳೆಯನ ಕಾಳಜಿಯ ಮಾತು ಪಾತ್ರದ ಮರಣಪತ್ರದಂತೆ. ಇನ್ನು ಕ್ರಿಯಾಪದದ ಕಾಲ: ಜೀವಂತವಾಗಿರುವ ಪಾತ್ರದ ಬಗ್ಗೆ ‘ಒಳ್ಳೆಯವನಾಗಿದ್ದ’ ಎಂದು ಭೂತಕಾಲ ಬಳಸಿದರೆ ಅಷ್ಟೇ ಸಾಕು. ‘ಡಾಕ್ಟರ್ ಹೂ’ ಸರಣಿಯಲ್ಲಿ 2008ರಲ್ಲಿ ಮೊದಲು ಕಾಣಿಸಿಕೊಂಡ ರಿವರ್ ಸಾಂಗ್ ಎಂಬ ಪಾತ್ರ ನಾಯಕನ ಭವಿಷ್ಯವನ್ನು ತಿಳಿದವಳು. ಆತ ಕೇಳಿದಾಗಲೆಲ್ಲ ಅವಳು ‘ಸ್ಪಾಯ್ಲರ್ಸ್’ ಎಂಬ ಒಂದೇ ಪದದಿಂದ ಬಾಯಿ ಮುಚ್ಚಿಕೊಳ್ಳುತ್ತಾಳೆ. ಎಚ್ಚರಿಕೆಯ ಪದ ಇಲ್ಲಿ ನಿರಾಕರಣೆಯ ಪೂರ್ಣವಾಕ್ಯವಾಗಿದೆ.

ಈ ಅವಧಿಯಲ್ಲಿ ಇಂಗ್ಲಿಷ್ ಕ್ರಿಯಾಪದದ ಕರ್ಮಸ್ಥಾನವೂ ಸರಿಯಿತು. ಮೊದಲು ಕೆಡುತ್ತಿದ್ದದ್ದು ಕಥೆ ಅಥವಾ ಅಂತ್ಯ. ಈಗ ಕೆಡುವವನು ಪ್ರೇಕ್ಷಕ: ತಾನು ‘ಸ್ಪಾಯ್ಲ್ಡ್’ ಆದೆನೆಂದು ಆತ ದೂರುತ್ತಾನೆ, ತಾನಿನ್ನೂ ‘ಅನ್‌ಸ್ಪಾಯ್ಲ್ಡ್’ ಎಂದು ಹೆಮ್ಮೆಪಡುತ್ತಾನೆ. ‘ಗೇಮ್ ಆಫ್ ಥ್ರೋನ್ಸ್’ ಪ್ರಸಾರವಾಗುತ್ತಿದ್ದಾಗ ಮೂಲ ಕಾದಂಬರಿಗಳನ್ನು ಓದದೆ ಸರಣಿ ನೋಡುತ್ತಿದ್ದವರಿಗೆ ಅಭಿಮಾನಿಗಳು ‘ಅನ್‌ಸಲ್ಲೀಡ್’ ಎಂಬ ಹೆಸರಿಟ್ಟಿದ್ದರು. ಅದು ಕಥೆಯೊಳಗಿನ ದಾಸಸೈನಿಕರ ಹೆಸರು, ಕಳಂಕ ತಾಗದವರು ಎಂಬುದು ಅದರ ಅರ್ಥ. ಅರಿವನ್ನು ಕಳಂಕವೆಂದು ಕಾಣುವ ಈ ರೂಪಕ ಕನ್ನಡದ ಓದುಗರಿಗೆ ಮಡಿ-ಮೈಲಿಗೆಯನ್ನು ನೆನಪಿಸಿದರೆ ಆಶ್ಚರ್ಯವಿಲ್ಲ. ಹೋಲಿಕೆ ಪದಗಳ ಮಟ್ಟದ್ದು, ಅದನ್ನು ಮುಂದಕ್ಕೆ ಎಳೆಯಲಾಗದು. ಮಡಿಯ ಹಿಂದಿನ ಅಧಿಕಾರಕ್ರಮ ಇಲ್ಲಿಲ್ಲ. 2013ರ ಜೂನ್ 2ರಂದು ಆ ಸರಣಿಯಲ್ಲಿ ಬಂದ ಮದುವೆಮನೆಯ ಕಗ್ಗೊಲೆಯನ್ನು ಓದುಗರು 2000ದಲ್ಲಿ ಪ್ರಕಟವಾದ ಕಾದಂಬರಿಯಿಂದಲೇ ತಿಳಿದಿದ್ದರು. ಅವರಲ್ಲಿ ಅನೇಕರು ತುಟಿಬಿಚ್ಚದೆ ಕುಳಿತು, ತಿಳಿಯದ ಗೆಳೆಯರ ಮುಖಗಳನ್ನು ಕ್ಯಾಮೆರಾದಲ್ಲಿ ಹಿಡಿದರು. ಸರಣಿಯು ಕಾದಂಬರಿಗಳನ್ನು ದಾಟಿ ಮುಂದೆ ಹೋದಾಗ ಓದುಗರೇ ತಿಳಿಯದವರ ಸಾಲಿಗೆ ಬಂದರು.

ತಯಾರಕರ ಮರುಪ್ರವೇಶ

ಸಹಪ್ರೇಕ್ಷಕರ ನಡುವೆ ಬೆಳೆದ ಶಿಷ್ಟಾಚಾರವನ್ನು ತಯಾರಕರು ಮತ್ತೆ ತಮ್ಮದಾಗಿಸಿಕೊಂಡದ್ದು ಇತ್ತೀಚಿನ ಬೆಳವಣಿಗೆ. ಇಲ್ಲಿ ವಿಮರ್ಶೆಯ ಸ್ವಾತಂತ್ರ್ಯದ ಪ್ರಶ್ನೆಯಿದೆ. ‘ಮ್ಯಾಡ್ ಮೆನ್’ ಸರಣಿಯ ಮ್ಯಾಥ್ಯೂ ವೀನರ್ ಹೊಸ ಭಾಗದ ಮೊದಲ ಕಂತನ್ನು ವಿಮರ್ಶಕರಿಗೆ ಕಳಿಸುವಾಗ, ಬರೆಯಬಾರದ ಸಂಗತಿಗಳ ಪಟ್ಟಿಯೊಂದನ್ನು ಜೊತೆಗಿಡುತ್ತಿದ್ದರು. ಕಥೆ ಯಾವ ವರ್ಷದಲ್ಲಿ ನಡೆಯುತ್ತದೆ ಎಂಬುದೂ ಅದರಲ್ಲಿತ್ತು. ಚಾರಿತ್ರಿಕ ಸರಣಿಯೊಂದರ ಕಾಲವನ್ನು ಹೇಳದೆ ಅದರ ಬಗ್ಗೆ ಏನನ್ನು ಬರೆಯಬಹುದು? 1955ರ ಫಲಕ ಗೆಳೆಯರ ಪರವಾಗಿ ಧನ್ಯವಾದ ಹೇಳಿತ್ತು. 2019ರಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ಚಿತ್ರದ ನಿರ್ದೇಶಕರು ಅಭಿಮಾನಿಗಳಿಗೆ ಪತ್ರ ಬರೆದು ಮೌನವನ್ನು ಕೇಳಿದಾಗ ಅದೇ ಹಳೆಯ ಬಿನ್ನಹ ಮರಳಿತು, ಆದರೆ ಈಗ ಅದನ್ನು ಮೀರಿದವನಿಗೆ ಛೀಮಾರಿ ಹಾಕಲು ಸಹಪ್ರೇಕ್ಷಕರ ದಂಡೇ ಸಿದ್ಧವಾಗಿತ್ತು. ಎಚ್ಚರಿಕೆ ಕೊಟ್ಟು ಮಾತನಾಡುವ ಪರವಾನಗಿ, ಎಚ್ಚರಿಕೆ ಕೊಟ್ಟರೂ ಮಾತನಾಡಬಾರದು ಎಂಬ ನಿರ್ಬಂಧಕ್ಕೆ ಜಾರುವ ಬಗೆ ಇದು. ವಿಶ್ವಕೋಶದ ದಾರಿ ಇದಕ್ಕೆ ವಿರುದ್ಧ: 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಸ್ಪಾಯ್ಲರ್ ಎಚ್ಚರಿಕೆಗಳನ್ನು ತೆಗೆದುಹಾಕಿತು. 2010ರಲ್ಲಿ ಅಲ್ಲಿ ‘ದಿ ಮೌಸ್‌ಟ್ರ್ಯಾಪ್’ ನಾಟಕದ ಅಪರಾಧಿಯ ಹೆಸರಿರುವುದಕ್ಕೆ ಕ್ರಿಸ್ಟಿಯ ಮೊಮ್ಮಗ ಬೇಸರ ವ್ಯಕ್ತಪಡಿಸಿದರು. ಕಥಾಸಾರವೆಂಬ ಶೀರ್ಷಿಕೆಯೇ ಸಾಕಷ್ಟು ಎಚ್ಚರಿಕೆ ಎಂಬ ವಿಶ್ವಕೋಶದ ನಿಲುವು ನನಗೆ ಸರಿಯೆನಿಸುತ್ತದೆ.

ಅಂತ್ಯ ತಿಳಿದು ಓದಿದವರು ಸಣ್ಣಕಥೆಗಳನ್ನು ಹೆಚ್ಚು ಮೆಚ್ಚಿದರೆಂದು ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಈ ಶಿಷ್ಟಾಚಾರ ನಿರರ್ಥಕವೆಂಬುದಕ್ಕೆ ಆಧಾರವಾಗಿ ಉಲ್ಲೇಖಿಸುವುದುಂಟು. ಅದು ಅಳೆದದ್ದು ಸವಿಯನ್ನು. ಶಿಷ್ಟಾಚಾರ ಕಾಯುವುದು ಯಾವಾಗ ತಿಳಿಯಬೇಕೆಂಬುದನ್ನು ತಾನೇ ನಿರ್ಧರಿಸುವ ಕೇಳುಗನ ಹಕ್ಕನ್ನು. ಎರಡೂ ಬೇರೆ.

ಕನ್ನಡದ ಕಡೆಯಿಂದ

ಕುಮಾರವ್ಯಾಸನ ಭಾರತದಲ್ಲಿ ಸಂಧಿಯ ತಲೆಯಲ್ಲಿ ಆ ಸಂಧಿಯ ಕಥೆಯನ್ನು ಅಡಕವಾಗಿ ತಿಳಿಸುವ ‘ಸೂಚನೆ’ಯ ಪದ್ಯ ಬರುತ್ತದೆ. ಯಾರು ಗೆದ್ದರು, ಯಾರು ಬಿದ್ದರು ಎಂಬುದನ್ನು ಮೊದಲೇ ತಿಳಿಸಿ ಕವಿ ಕಥೆಗೆ ತೊಡಗುತ್ತಾನೆ, ಏಕೆಂದರೆ ಕೇಳುಗರಿಗೆ ಅದು ಗೊತ್ತೇ ಇದೆ. ಅವರು ಕಾದಿರುವುದು ಹೇಗೆ ಎಂಬುದಕ್ಕೆ. ಸ್ಯಾಕ್ಸನ ನಿಯಮ ಅಲ್ಲಿಯೂ ಅನ್ವಯಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಚಲನಚಿತ್ರದ ಕಾಲಕ್ಕೆ ಬಂದರೆ ರೂಢಿ ಬೇರೆಯಾಗುತ್ತದೆ. ಚಿತ್ರಮಂದಿರಗಳ ಬಳಿ ಮಾರಾಟವಾಗುತ್ತಿದ್ದ ಹಾಡಿನ ಪುಸ್ತಿಕೆಗಳು ಕಥಾಸಾರವನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಓದುಗರನ್ನು ಕಳುಹಿಸುತ್ತಿದ್ದವು. ತಯಾರಕರೇ ತಮ್ಮ ಬಾಯಿಗೆ ತಾವೇ ಹಾಕಿಕೊಂಡ ಬೀಗವದು. ಪ್ರೇಕ್ಷಕನಿಂದ ಅದು ಏನನ್ನೂ ಬೇಡಲಿಲ್ಲ.

‘ಸ್ಪಾಯ್ಲರ್’ ಪದವನ್ನು ಕನ್ನಡ ಹಾಗೆಯೇ ತೆಗೆದುಕೊಂಡಿದೆ. ‘ರಸಭಂಗ’ ಎಂಬ ಅನುವಾದ ಸಹಜವಾಗಿ ಹೊಳೆಯುತ್ತದೆ, ಆದರೆ ಕಾವ್ಯಮೀಮಾಂಸೆಯಲ್ಲಿ ರಸಭಂಗಕ್ಕೆ ಹೊಣೆ ಅನೌಚಿತ್ಯ ತೋರಿದ ಕವಿ, ಪಕ್ಕದಲ್ಲಿ ಕುಳಿತ ಸಹೃದಯನಲ್ಲ. ‘ಕೆಡಿಸು’ ಎಂಬ ಅಚ್ಚಗನ್ನಡ ಕ್ರಿಯಾಪದವಿದೆ: ‘ಸ್ವಾರಸ್ಯ ಕೆಡಿಸಿದ’, ‘ಮಜಾ ಕೆಡಿಸಿದ’. ಆದರೆ ಅದರ ಕರ್ಮ ಕಥೆಯ ಕಡೆಗೇ ಇರಬೇಕು. ‘ನನ್ನನ್ನು ಕ�ೆಡಿಸಿದ’ ಎಂದೊಡನೆ ಅರ್ಥ ಶೀಲದ ಕಡೆಗೆ ತಿರುಗುತ್ತದೆ. ಇಂಗ್ಲಿಷಿನಲ್ಲಿ ಪ್ರೇಕ್ಷಕನು ಕರ್ಮಸ್ಥಾನಕ್ಕೆ ಬಂದಂತೆ ಕನ್ನಡದಲ್ಲಿ ಬರಲು ದಾರಿಯಿಲ್ಲ. ಎರವಲು ಪದದ ಜೊತೆ ಕನ್ನಡಿಗರು ಬಳಸುವುದು ‘ಕೊಡು’: ‘ನಂಗೆ ಸ್ಪಾಯ್ಲರ್ ಕೊಡಬೇಡ ಮಾರಾಯ’. ಪ್ರೇಕ್ಷಕ ಸಂಪ್ರದಾನದಲ್ಲಿ ನಿಲ್ಲುತ್ತಾನೆ, ಅನುಭವವನ್ನು ಪಡೆಯುವವನ ಎಂದಿನ ವಿಭಕ್ತಿಯಲ್ಲಿ. ಸ್ಪಾಯ್ಲರ್ ಕೈಯಿಂದ ಕೈಗೆ ದಾಟುವ ವಸ್ತುವಾಗುತ್ತದೆ.

ಪದವನ್ನು ಬಿಟ್ಟು ವ್ಯಾಕರಣವನ್ನು ನೋಡಿದರೆ ಕನ್ನಡಕ್ಕೆ ಇಲ್ಲಿ ತನ್ನದೇ ಸಾಧನವಿದೆ. ‘ಕೊನೆ ಹೇಳಿದ’ ಎಂಬುದು ವರದಿ. ‘ಕೊನೆ ಹೇಳಿಬಿಟ್ಟ’ ಎಂಬುದು ದೂರು. ‘ಬಿಡು’ ಎಂಬ ಸಹಾಯಕ ಕ್ರಿಯಾಪದ ಕ್ರಿಯೆ ಮುಗಿದುಹೋಯಿತು, ಇನ್ನು ಹಿಂದಕ್ಕೆ ಪಡೆಯಲಾಗದು ಎಂಬುದನ್ನು ಸೂಚಿಸುತ್ತದೆ. ಕೇಳಿದ್ದನ್ನು ಕೇಳದಂತೆ ಮಾಡಲಾಗದು ಎಂಬ ಈ ಶಿಷ್ಟಾಚಾರದ ಮೂಲಭಯ ಅಷ್ಟರಲ್ಲೇ ಅಡಗಿದೆ. ನಿಷೇಧದಲ್ಲಿ ವ್ಯತ್ಯಾಸ ಇನ್ನೂ ಸೂಕ್ಷ್ಮ. ‘ಹೇಳಬೇಡ’ ಎಂಬುದು ಇಚ್ಛೆಯನ್ನು ತಡೆಯುತ್ತದೆ, ‘ಹೇಳಿಬಿಡಬೇಡ’ ಎಂಬುದು ಬಾಯಿ ಜಾರುವುದನ್ನು. ಎರಡನೆಯದಕ್ಕೆ ಕೇಳುಗನಿಗೆ ವಿಷಯ ತಿಳಿದಿದೆ, ಅದು ಅವನ ನಾಲಿಗೆಯ ತುದಿಯಲ್ಲಿದೆ ಎಂಬ ಪೂರ್ವಗೃಹೀತವಿದೆ. ಹಾಗೆಂದು ‘ಬಿಡು’ ತಾನಾಗಿಯೇ ಅಹಿತವನ್ನು ಸೂಚಿಸುತ್ತದೆ ಎನ್ನುವಂತಿಲ್ಲ. ‘ಅಷ್ಟೊಂದು ಎಪಿಸೋಡ್ ನೋಡೋಕೆ ನನಗೆಲ್ಲಿ ಪುರುಸೊತ್ತು, ಕೊನೆಗೇನಾಯ್ತು ಹೇಳಿಬಿಡು’ ಎಂದು ಗೆಳತಿಯನ್ನು ಕೇಳುವವಳೂ ಅದೇ ಕ್ರಿಯಾಪದವನ್ನು ಬಳಸುತ್ತಾಳೆ, ಮತ್ತು ಅವಳಿಗೆ ಬೇಕಾಗಿರುವುದೂ ಮತ್ತೆ ಹಿಂದಿರುಗದ ಆ ಅರಿವೇ.